ನಾಳೆ ಬಾ ಎಂದರೆ ಕೇಳದ ಕುದುರೆ

ನಾನು ಕುದುರೆ ಕಟ್ಟಿದ್ದಕ್ಕೆ ಒಬ್ಬ ರಷ್ಯನ್ ವ್ಯಾಪಾರಿಯೇ ಹೊಣೆ. ಅಫನಾಸಿ ನಿಕಿತಿನ್ ಅಂತ ಅವನ ಹೆಸರು, ತ್ವೆರ್ ಅವನ ಊರು. 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರು ಬೀದರಿನಿಂದ ಆಳುತ್ತಿದ್ದಾಗ, ಒಂದೇ ಒಂದು ಗಂಡುಕುದುರೆಯನ್ನು ಹಡಗಿಗೆ ಏರಿಸಿಕೊಂಡು ಚೌಲ್ ಬಂದರಿಗೆ ಬಂದಿಳಿದ. ಅದನ್ನು ಮಾರಿ ನಾಲ್ಕು ಕಾಸು ಮಾಡಿಕೊಳ್ಳುವ ಆಸೆ. ಜುನ್ನರಿನ ಖಾನ ಆ ಕುದುರೆಯನ್ನೇ ಕಿತ್ತುಕೊಂಡು, ನಮ್ಮ ಮತಕ್ಕೆ ಬಾ, ಕುದುರೆಯನ್ನೂ ಕೊಡುತ್ತೇನೆ, ಮೇಲೆ ಸಾವಿರ ಹೊನ್ನೂ ಕೊಡುತ್ತೇನೆ ಎಂದ. ಖುರಾಸಾನಿನ ಪುಣ್ಯಾತ್ಮನೊಬ್ಬ ನಡುವೆ ಬಿದ್ದು ಬಿಡಿಸಿದ. ಮುಂದೆ ಅದಕ್ಕೆ ತಿಂಗಳುಗಟ್ಟಲೆ ಮೇವು ಹಾಕಿ, ಕಡೆಗೆ ಬೀದರಿನಲ್ಲಿ ಮಾರಿ ಕೈತೊಳೆದುಕೊಂಡ. ಪಟ್ಟ ಪಾಡನ್ನೆಲ್ಲ ‘ಮೂರು ಸಮುದ್ರಗಳಾಚೆಗಿನ ಪಯಣ’ ಎಂಬ ಬರಹದಲ್ಲಿ ದಾಖಲಿಸಿದ.

ಅದರಲ್ಲೊಂದು ಕಡೆ ಅವನು ಹೇಳುತ್ತಾನೆ: ಬೀದರಿನಿಂದ ಕೆಲವು ಹರದಾರಿ ದೂರದಲ್ಲಿ ಶೇಖ್ ಅಲಾವುದ್ದೀನರ ಹೆಸರಲ್ಲಿ ವರ್ಷಕ್ಕೊಮ್ಮೆ ಸಂತೆ ಕೂಡುತ್ತದೆ, ಹತ್ತು ದಿನ ನಡೆಯುತ್ತದೆ, 20 ಸಾವಿರದವರೆಗೆ ಕುದುರೆ ಮಾರಾಟಕ್ಕೆ ಬರುತ್ತವೆ, ಹಿಂದುಸ್ಥಾನದಲ್ಲಿ ಇದಕ್ಕಿಂತ ಮಿಗಿಲಾದ ಸಂತೆಯಿಲ್ಲ. ಆ ಊರು ನಮ್ಮ ಆಳಂದ, ಆ ಸಂತರು ಲಾಡ್ಲೇ ಮಶಾಕ್ ದರ್ಗಾದವರು ಎಂದು ಬಲ್ಲವರು ಗುರುತಿಸಿದ್ದಾರೆ.

ಅದೇ ಆಳಂದದಲ್ಲಿ ರಾತ್ರಿ ಹಾರುವ ಒಂದು ಹಕ್ಕಿಯಿದೆ, ಅದು ಕೂತ ಮನೆಯಲ್ಲಿ ಸಾವು ಖಾತ್ರಿ, ಕೊಲ್ಲಲು ಹೋದರೆ ಬಾಯಿಂದ ಬೆಂಕಿ ಉಗುಳುತ್ತದೆ ಎಂದೂ ಆ ಮಹಾಶಯ ಬರೆದಿದ್ದಾನೆ. ಆ ಭಾಗವನ್ನು ನಾನು ನಂಬಲಿಲ್ಲ. ಕುದುರೆಯ ಭಾಗವನ್ನು ಮಾತ್ರ ಪೂರ್ತಿ ನಂಬಿದೆ. ನಾನೊಬ್ಬ ಸರ್ಕಾರಿ ಗುಮಾಸ್ತ. ಅರ್ಜಿಗಳನ್ನೂ ಹಾಗೇ ಓದುತ್ತೇನೆ.

ನಮ್ಮ ಹೊಲಮನೆ ಇರುವುದು ಆಳಂದ ತಾಲೂಕಿನ ತುದಿಯ ಹಳ್ಳಿಯಲ್ಲಿ. ನೌಕರಿ ಅಫಜಲಪುರದ ಕಡೆ. ಹೆಂಡತಿಯ ತವರು ಜೇವರ್ಗಿ. ಹೀಗಾಗಿ ನನ್ನ ಮಾನ ಮೂರು ತಾಲೂಕಿಗೆ ಸಮನಾಗಿ ಹಂಚಿಕೊಂಡಿದೆ, ಹೋದರೆ ಮೂರೂ ಕಡೆ ಒಟ್ಟಿಗೇ ಹೋಗುತ್ತದೆ. ಆದರೆ ಅಂದು ಅದು ಹೊಳೆಯಲಿಲ್ಲ. 20 ಸಾವಿರ ಕುದುರೆ ಕಂಡ ಮಣ್ಣಿನ ಮಗನಿಗೆ ಒಂದು ಕುದುರೆ ಎಷ್ಟರದು ಎನ್ನುವುದಷ್ಟೇ ಹೊಳೆಯಿತು. ಸಾಲದ್ದಕ್ಕೆ ಪಕ್ಕದ ಕಲ್ಯಾಣದಿಂದ ಆಳಿದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಲಕ್ಷಣದಿಂದ ಹಿಡಿದು ಕುದುರೆಯೇರಿ ಆಡುವ ಚೆಂಡಾಟದ ತನಕ ಬರೆದಿಟ್ಟಿದ್ದಾನೆ. ಒಂದು ಮಗ್ಗುಲಿಗೆ ಚಕ್ರವರ್ತಿ, ಇನ್ನೊಂದು ಮಗ್ಗುಲಿಗೆ ರಷ್ಯನ್. ಇಬ್ಬರ ಸಾಕ್ಷಿ ಇದ್ದರೆ ಯಾವ ಕೇಸೂ ಗೆಲ್ಲುತ್ತದೆ ಎಂಬ ಧೈರ್ಯ ನನ್ನದು. ನಿಕಿತಿನ್ ಅದೇ ಬರಹದಲ್ಲಿ, ಈ ನಾಡಿನಲ್ಲಿ ಕುದುರೆ ಹುಟ್ಟುವುದಿಲ್ಲ, ಹುಟ್ಟುವುದು ಎತ್ತು ಎಮ್ಮೆಗಳು ಮಾತ್ರ ಎಂದೂ ಬರೆದಿದ್ದಾನೆ. ಅದೂ ಓದಿದ್ದೆ. ಫೈಲಿನಲ್ಲಿ ಸೇರಿಸಲಿಲ್ಲ.

ಹೈದರಾಬಾದಿನಲ್ಲಿರುವ ನನ್ನ ಷಡ್ಡಕ ಅದೇ ಹೊತ್ತಿಗೆ ಫೋನು ಮಾಡಬೇಕೇ? ಮಲಕಪೇಟೆಯ ರೇಸ್ ಮೈದಾನ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಕಾಲದ್ದು, 1886ರದ್ದು. ಅಲ್ಲಿ ಓಡಿ ಓಡಿ ದಣಿದ ಒಂದು ಕುದುರೆ ಇದೆ, ಏಳು ವರ್ಷದ್ದು, ಇತ್ತೀಚೆಗೆ ಕೊನೆಯದಾಗಿ ಬರುತ್ತಿದೆ, ಒಳ್ಳೆಯ ಮನೆ ಸಿಕ್ಕರೆ ಧಣಿ ಪುಕ್ಕಟೆ ಕೊಡುತ್ತಾನೆ ಎಂದ. ಪುಕ್ಕಟೆ ಎಂದ ಮೇಲೆ ನಮ್ಮ ಕಡೆ ಎರಡನೇ ಪ್ರಶ್ನೆ ಕೇಳುವ ಪದ್ಧತಿ ಇಲ್ಲ.

“ನಿಮಗ ಸ್ಕೂಟಿ ಮ್ಯಾಗ ಕುಂತ್ರ ಬ್ಯಾಲನ್ಸ್ ಇಲ್ಲ, ಕುದರಿ ಬೇಕಾಗ್ಯಾದ?” ಅಂದಳು ನಮ್ಮ ಮನೆಯಾಕೆ.

“ಸ್ಕೂಟಿಗಿ ಬುದ್ಧಿ ಇಲ್ಲ. ಕುದರಿಗಿ ಅದ,” ಎಂದೆ.

“ಹಂಗಾದ್ರ ಅದು ನಿಮಗ ಕುಂಡ್ರಿಸ್ಕೊಳ್ಳಂಗಿಲ್ಲ ಬಿಡ್ರಿ.”

ಲಾರಿಯಿಂದ ಇಳಿದಾಗ ಊರಿಗೆ ಊರೇ ನೆರೆದಿತ್ತು. ಕಂದು ಬಣ್ಣ, ಹಣೆಯ ಮೇಲೆ ಬಿಳಿ ಬೊಟ್ಟು, ಕಾಲು ನೋಡಿದರೆ ಎತ್ತರದ ಸ್ಟೂಲಿನ ನೆನಪು. ಜೊತೆಗೆ ಬಂದ ಕಾಗದಪತ್ರ ನೋಡಿ ನನ್ನ ಗುಮಾಸ್ತ ಜೀವ ಕರಗಿಹೋಯಿತು. ಈ ಥರೋಬ್ರೆಡ್ ಜಾತಿಯ ಕುದುರೆಗಳೆಲ್ಲವೂ ಗಂಡು ಮೂಲದಿಂದ ಮೂರೇ ಮೂರು ಕುದುರೆಗಳ ಸಂತತಿ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. 300 ವರ್ಷದಿಂದ ಯಾರಿಗೆ ಯಾರು ಹುಟ್ಟಿದರು ಎಂಬುದಕ್ಕೆ ಲೆಕ್ಕವಿದೆ. ಇಷ್ಟು ಸಾಫಾದ ವಾರಸಾ ನಾನು ನನ್ನ ಸರ್ವಿಸಿನಲ್ಲಿ ಕಂಡಿಲ್ಲ. ಪೋಡಿ ಇಲ್ಲ, ತಕರಾರಿಲ್ಲ, ಅಣ್ಣತಮ್ಮಂದಿರ ಕೋರ್ಟ್ ಕಟ್ಟಳೆ ಇಲ್ಲ. ಹುಟ್ಟಿದ್ದು ಯಾವತ್ತೇ ಇರಲಿ, ನಮ್ಮ ದೇಶದ ರೇಸಿನ ಲೆಕ್ಕದಲ್ಲಿ ಇವಕ್ಕೆಲ್ಲ ಜನವರಿ 1ಕ್ಕೇ ವಯಸ್ಸು ಏರುತ್ತದೆ. ನಮ್ಮ ಓಣಿಯ ಹಿರಿಯರಿಗೆಲ್ಲ ಕನ್ನಡ ಶಾಲೆಯ ಮಾಸ್ತರರು ಜೂನ್ 1ನ್ನೇ ಹುಟ್ಟಿದ ದಿನವೆಂದು ಬರೆದ ಹಾಗೆ. ಕಾಗದದಲ್ಲಿದ್ದ ಇಂಗ್ಲಿಷ್ ಹೆಸರು ಅವ್ವನ ಬಾಯಲ್ಲಿ ತಿರುಗಲಿಲ್ಲ. ರಾಜಾ ಎಂದಳು. ಅದೇ ಉಳಿಯಿತು.

ಕುದುರೆಯ ಬಗ್ಗೆ ಅಲ್ಲಮಪ್ರಭುಗಳ ವಚನವೊಂದಿದೆಯಲ್ಲ, ನೋಡಲು ಬಂದವರೆಲ್ಲ ಅದನ್ನು ಹೇಳಿಯೇ ಚಹಾ ಕುಡಿದರು. ನೀವೂ ಈಗ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೀರಿ. ಹೇಳಿಕೊಳ್ಳಿ.

ನನ್ನ ಯೋಜನೆ ಸರಳವಾಗಿತ್ತು. ಕುದುರೆಗೆ ಓಟ ಬರುತ್ತದೆ, ತಾಳ್ಮೆ ಬರುವುದಿಲ್ಲ. ತಾಳ್ಮೆ ಕಲಿಸುವುದು ನನ್ನ ವೃತ್ತಿ. ಇಷ್ಟು ವರ್ಷ ಜನರನ್ನು ಬೆಂಚಿನ ಮೇಲೆ ಕೂಡ್ರಿಸಿ, ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸರ್ವರ್ ಡೌನ್ ಇದೆ, ಊಟದ ಹೊತ್ತಾಯಿತು, ನಾಳೆ ಬಾ ಎಂದು ಕಾಯಿಸಿದ ಕೈ ಇದು. ಎಂಥೆಂಥ ಉರಿಯುವ ಗೌಡರು ನನ್ನ ಮೇಜಿನ ಮುಂದೆ ತಣ್ಣಗಾಗಿ ಹೋಗಿದ್ದಾರೆ. ಒಂದು ಪಶು ಏನು ಮಹಾ?

ಪಶುವಿನ ದಿನಚರಿ ಬೇರೆಯೇ ಇತ್ತು. ರೇಸಿನ ಕುದುರೆ ದಿನದ ಬಹುಪಾಲು ಲಾಯದಲ್ಲೇ ನಿಂತಿರುತ್ತದೆ. ಕಸರತ್ತು ಏನಿದ್ದರೂ ನಸುಕಿನಲ್ಲಿ. ರಾಜಾ ಮುಂಜಾನೆ ನಾಲ್ಕಕ್ಕೆ ಎದ್ದು ಕೆನೆಯುತ್ತಿದ್ದ, ಬಾಗಿಲು ಒದೆಯುತ್ತಿದ್ದ, ಸಯೀಸ ಬರಲಿಲ್ಲವೆಂದು ಇಡೀ ಓಣಿಗೆ ಸಾರುತ್ತಿದ್ದ. “ಏ ತಮ್ಮಾ, ಇದು ಕುದರ್ಯೋ ಕಲೆಕ್ಟರೋ? ಎಲ್ಲಾರಿಗೂ ಎಬ್ಬಸ್ಲಾಕತ್ತದಲ್ಲೋ,” ಎಂದಳು ಅವ್ವ. ಮೇವಿನ ವಿಷಯದಲ್ಲೂ ಹಾಗೇ. 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಹೊಟ್ಟನ್ನು ಮುಂದಿಟ್ಟರೆ ಮೂಸಿ ಮುಖ ತಿರುಗಿಸಿದ. ಅಲ್ಲಿ ಓಟ್ಸ್ ತಿಂದ ಬಾಯಿ.

ಮೊದಲ ಸವಾರಿಯ ಕಥೆ ಬೇಗ ಹೇಳಿ ಮುಗಿಸುತ್ತೇನೆ, ಅದು ಮುಗಿದದ್ದೂ ಬೇಗ. ಜಾಕಿಯನ್ನು ಕುದುರೆಯ ಮೇಲೆ ಹತ್ತಿಸುವ ರೀತಿಯೇ ಬೇರೆ. ಯಾರೋ ಒಬ್ಬ ಅವನ ಮೊಣಕಾಲು ಹಿಡಿದು ಎತ್ತಿ ಒಗೆಯುತ್ತಾನೆ, ಕುದುರೆ ನಡೆಯುತ್ತಲೇ ಇರುತ್ತದೆ. ರಿಕಾಬಿಗೆ ಕಾಲಿಟ್ಟು, ದೇವರ ಹೆಸರು ಹೇಳಿ, ಏದುಸಿರು ಬಿಟ್ಟು ಏರುವವನಿಗಾಗಿ ನಿಲ್ಲಬೇಕೆಂದು ಅದಕ್ಕೆ ಯಾರೂ ಹೇಳಿರುವುದಿಲ್ಲ. ನಾನು ಸ್ಟೂಲು ಹತ್ತಿದೆ, ರಾಜಾ ಮುಂದೆ ನಡೆದ. ಸ್ಟೂಲು ಅಲ್ಲಿಗೆ ಒಯ್ದೆ, ಅವನು ಇನ್ನೂ ಮುಂದೆ ನಡೆದ. ಹೀಗೆ ಸ್ಟೂಲಿನೊಂದಿಗೆ ಅರ್ಧ ಹೊಲ ದಾಟಿದ ಮೇಲೆ ಒಂದು ಬದುವಿನ ಪಕ್ಕದಲ್ಲಿ ಅವನು ತುಸು ಯೋಚಿಸುತ್ತ ನಿಂತಾಗ ಹಾರಿ ಕೂತೇಬಿಟ್ಟೆ.

ಜಾಕಿ ಎಂದರೆ ಐವತ್ತು ಚಿಲ್ಲರೆ ಕಿಲೋ ಆಸಾಮಿ. ಮೊಣಕಾಲು ಮಡಚಿ ಕುದುರೆಯ ಬೆನ್ನಿನಿಂದ ಮೇಲೆಯೇ ಇರುತ್ತಾನೆ. ನಾನು ಚೀಲ ಇಳಿಸಿದಂತೆ ಕೂತೆ, ಎರಡೂ ಕಾಲು ಪಕ್ಕೆಗೆ ತಗುಲಿದವು. ಹೊಟ್ಟೆಯ ಎರಡೂ ಬದಿ ಕಾಲು ತಗುಲುವುದು ಅದಕ್ಕೆ ಹೊಸದು. ರಾಜಾ ಬೆದರಿ ಹೆಜ್ಜೆ ಹೆಚ್ಚಿಸಿದ. ನಾನು ಲಗಾಮು ಜಗ್ಗಿದೆ. ಅವನು ದೌಡು ಹಿಡಿದ. ಎರಡೂ ಕೈಯಿಂದ ಜಗ್ಗಿದೆ. ಆಗ ನನಗೆ ತಿಳಿದದ್ದು, 1200 ಮೀಟರನ್ನು ಒಂದು ನಿಮಿಷ ಚಿಲ್ಲರೆಯಲ್ಲಿ ಮುಗಿಸುವ ಪ್ರಾಣಿಗೆ ನಮ್ಮ ಎಂಟೆಕರೆ ಏನೇನೂ ಅಲ್ಲ ಎಂಬುದು. ಎರೆ ಭೂಮಿಯ ಬಿರುಕು, ತೊಗರಿಯ ಕೂಳೆ, ಕಾಕಾನ ಹೊಲದ ಬೇಲಿ ಎಲ್ಲ ಹಿಂದಕ್ಕೆ ಹೋದವು. ಕಾಕಾನ ಕಣಕಿ ಬಣವೆ ಮಾತ್ರ ಎದುರಿಗೆ ಬಂತು. ರಾಜಾ ಬಲಕ್ಕೆ ತಿರುಗಿದ. ನಾನು ತಿರುಗಲಿಲ್ಲ.

ಬಣವೆಯೊಳಗಿನಿಂದ ನನ್ನನ್ನು ಎಳೆದು ತೆಗೆದವರಲ್ಲಿ ಒಬ್ಬರು ಕಲಬುರಗಿಯ ಚಾಚಾ. ಆಟೋಗಳು ಬಂದು ಟಾಂಗಾಗಳನ್ನು ತಿಂದು ಹಾಕುವ ತನಕ ಸ್ಟೇಷನ್ನಿನಿಂದ ದರ್ಗಾಕ್ಕೆ ಟಾಂಗಾ ಹೊಡೆದವರು, ಈಗ ಮಗಳ ಮನೆಯೆಂದು ನಮ್ಮ ಊರಿನಲ್ಲಿದ್ದಾರೆ. ನನ್ನ ಕೈಕಾಲು ನೆಟ್ಟಗಿವೆಯೇ ಎಂದು ಅವರು ಕೇಳಲಿಲ್ಲ. ಕುದುರೆಯ ಕಾಲನ್ನು ಒಂದೊಂದಾಗಿ ಎತ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಸಾಹೇಬ್ರ, ಜಗ್ಗೀರೇನು?”

“ಜಗ್ಗದೆ ಇನ್ನೇನ್ ಮಾಡ್ಲಿ ಚಾಚಾ?”

“ಜಗ್ಗಿದ್ರ ಓಡು ಅಂತ ಹೇಳ್ದಂಗ ಅದಕ. ಜಾಕಿ ಲಗಾಮ ಬಿಗಿ ಹಿಡೀತಾನ, ಅದು ಬಾಯಾಗಿನ ಕಬ್ಬಿಣದ ಮ್ಯಾಗ ಭಾರ ಹಾಕಿ ಓಡ್ತದ. ಎಷ್ಟು ಬಿಗಿ ಹಿಡೀತೀರಿ ಅಷ್ಟು ಜೋರ್. ಬಿಟ್ರ ನಿಲ್ತದ.”

ಓಡುವ ಕುದುರೆಯ ಲಗಾಮು ಬಿಟ್ಟರೆ ನಿಲ್ಲುತ್ತದೆ ಎಂಬ ಮಾತನ್ನು ನಾನು ಆ ಹಕ್ಕಿಯ ಬಾಯಿಯ ಬೆಂಕಿಯ ಪಕ್ಕದಲ್ಲಿಟ್ಟೆ.

“ಅದಕಿನ್ನಾ ಗೊತ್ತಾಗಿಲ್ಲ ನೋಡ್ರಿ, ತಾ ರಿಟೈರ್ ಆಗೀನಂತ,” ಎಂದರು ಚಾಚಾ. “ಮೂರು ತಿಂಗಳು ಏನೂ ಮಾಡಬ್ಯಾಡ್ರಿ. ಜೀನ್ ಬ್ಯಾಡ, ಲಗಾಮ ಬ್ಯಾಡ. ಹುಲ್ಲು ಹಾಕ್ರಿ, ನೀರ ಕುಡಸ್ರಿ, ಬಯಲಾಗ ಬಿಡ್ರಿ. ಸುಮ್ಕ ಇರ್ರಿ.”

ಏನೂ ಮಾಡದೆ ಇರುವುದರಲ್ಲಿ ನನಗೆ ಸರ್ವಿಸಿದೆ ಎಂದು ಹೆಮ್ಮೆಯಿಂದ ಒಪ್ಪಿಕೊಂಡೆ. ಕಚೇರಿಯಲ್ಲಿ ಅದನ್ನು ಮಾಡುವುದಕ್ಕೂ ಮನೆಯಲ್ಲಿ ಮಾಡುವುದಕ್ಕೂ ಅಜಗಜಾಂತರವಿದೆ. ಕಚೇರಿಯಲ್ಲಿ ಕಾಯುವವರು ಬೇರೆಯವರು. ಇಲ್ಲಿ ಕಾಯುವವನು ನಾನೇ. ಅಮಾವಾಸ್ಯೆ ಹೋಗಿ ಹುಣ್ಣಿಮೆ ಬರುವುದರೊಳಗೆ ಚಾಚಾನ ಬಳಿ ಹೋಗಿ “ಆಯ್ತೇನು? ಇನ್ನಾ ಎಷ್ಟು ದಿನ?” ಎಂದು ಕೇಳಲು ಶುರುಮಾಡಿದ್ದೆ. ಚಾಚಾ ಬೀಡಿ ಸೇದುತ್ತ, ತಲೆ ಎತ್ತದೆ, “ನಾಳಿಗಿ ಬರ್ರಿ,” ಎನ್ನುತ್ತಿದ್ದರು.

ಸುಮ್ಮನೆ ಬಿಡುವುದೆಂದರೂ ಸುಲಭವಲ್ಲ. ಕುದುರೆಯ ಹೊಟ್ಟೆಚೀಲ ಅದರ ಮೈಗೆ ಹೋಲಿಸಿದರೆ ಸಣ್ಣದು. ದಿನವಿಡೀ ಸ್ವಲ್ಪ ಸ್ವಲ್ಪ ಹುಲ್ಲು ಮೇಯುವಂತೆ ದೇವರು ಮಾಡಿದ್ದನ್ನು ನಾವು ಲಾಯದಲ್ಲಿ ಕಟ್ಟಿ, ಹೊತ್ತು ಹೊತ್ತಿಗೆ ಕಾಳು ಸುರಿದು, ಹೊಟ್ಟೆಹುಣ್ಣು ತರಿಸುತ್ತೇವೆ. ರೇಸಿನ ಕುದುರೆಗಳಲ್ಲಿ ಅದು ಬಹಳ ಸಾಮಾನ್ಯ. ಕಾಳು ಕಡಿಮೆ ಮಾಡಿ ಹುಲ್ಲು ಹೆಚ್ಚಿಸಬೇಕು, ಅದೂ ದಿನದಿನಕ್ಕೆ ಇಷ್ಟಿಷ್ಟೇ, ಎಂದಿದ್ದರು ಚಾಚಾ. ಆದರೆ ನನ್ನ ಹತ್ತಿರ ನಿಕಿತಿನ್ ಇದ್ದನಲ್ಲ! ಇಲ್ಲಿಯವರು ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ತುಪ್ಪ ಹಾಕಿ ಕಿಚಡಿ ಬೇಯಿಸಿ ಕೊಡುತ್ತಾರೆ ಎಂದು ಅವನು ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಅವ್ವನಿಗೆ ರಷ್ಯಾದ ಮೇಲೆ ಒಮ್ಮೆಲೇ ಗೌರವ ಬಂತು. “ಪಾಪ, ಕೂಸು ಬಡವ್ಯಾಗ್ಯಾದ,” ಎನ್ನುತ್ತ ಒಂದು ದೊಡ್ಡ ಬೋಗುಣಿ ಕಿಚಡಿಗೆ ಬೆಲ್ಲ ತುಪ್ಪ ಕಲಸಿ ಮುಂದಿಟ್ಟಳು. ತೊಗರಿ ಹೊಟ್ಟಿಗೆ ಮುಖ ತಿರುಗಿಸಿದವನು ಬೋಗುಣಿಯ ತಳ ನೆಕ್ಕಿದ.

ಮನುಷ್ಯನಾಗಿದ್ದರೆ ವಾಂತಿ ಮಾಡಿ ಮಲಗುತ್ತಿದ್ದ. ಕುದುರೆಗೆ ವಾಂತಿ ಮಾಡಲು ಬರುವುದೇ ಇಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೋಗಬೇಕು. ಸಂಜೆಗೆ ನೆಲ ಕೆರೆಯಲು ಶುರು, ತಿರುಗಿ ತಿರುಗಿ ಹೊಟ್ಟೆ ನೋಡಿಕೊಳ್ಳುವುದು, ಮಲಗಿ ಹೊರಳುವುದು. ಹೊಟ್ಟೆಶೂಲೆಯಿಂದ ಕುದುರೆ ಸತ್ತೂ ಹೋಗಬಹುದು. ಪಶುವೈದ್ಯರು ಕತ್ತಲಲ್ಲಿ ಬೈಕು ಹತ್ತಿ ಬಂದು ಸೂಜಿ ಹಾಕಿದರು, ಏನು ತಿನ್ನಿಸಿದಿರಿ ಎಂದು ಕೇಳಿದರು. 15ನೇ ಶತಮಾನದ ಪಾಕ ಎಂದು ಹೇಳಲು ಬಾಯಿ ಬರಲಿಲ್ಲ. ಹೊರಳಲು ಬಿಡದೆ ನಡೆಸುತ್ತಿರಿ ಎಂದರು. ಚಾಚಾ ಒಂದು ಕಡೆ, ನಾನೊಂದು ಕಡೆ, ರಾತ್ರಿಯಿಡೀ ಊರಿನ ಓಣಿ ಓಣಿ ಸುತ್ತಿದೆವು. ಬಾಗಿಲ ಸಂದಿಯಿಂದ ಇಣುಕಿದ ಮುದುಕಿಯೊಬ್ಬಳು “ಯಾರ ಲಗ್ನ ಯಪ್ಪಾ, ಬಾಜಿನೂ ಇಲ್ಲ?” ಎಂದು ಕೇಳಿದಳು. ಅವ್ವ ಘತ್ತರಗಿ ಭಾಗ್ಯವಂತಿಗೆ ಹರಕೆ ಹೊತ್ತಳು. ಬೆಳಗಾಗುವ ಹೊತ್ತಿಗೆ ಗುಡಿಯ ಮುಂದೆ ರಾಜಾ ನಿಂತ, ಬಾಲ ಎತ್ತಿದ, ಲದ್ದಿ ಹಾಕಿದ. ಲದ್ದಿ ನೋಡಿ ಚಪ್ಪಾಳೆ ಹೊಡೆದ ಸರ್ಕಾರಿ ನೌಕರ ಈ ವಿಭಾಗದಲ್ಲಿ ನಾನೊಬ್ಬನೇ ಇರಬೇಕು.

ಆಮೇಲೆ ಚಾಚಾ ಒಂದು ಆಡು ತಂದು ಕಟ್ಟಿದರು. ಕುದುರೆ ಗುಂಪಿನ ಪ್ರಾಣಿ, ಒಂಟಿಯಾಗಿದ್ದರೆ ಜೀವ ತಳಮಳಿಸುತ್ತದೆ; ರೇಸಿನವರು ಲಾಯದಲ್ಲಿ ಆಡು ಸಾಕುವುದು ಹಳೆಯ ರೂಢಿ. ಅಮೆರಿಕದ ಸೀಬಿಸ್ಕಿಟ್ ಎಂಬ ಪ್ರಖ್ಯಾತ ಕುದುರೆಗೂ ಅದರ ಟ್ರೇನರ್ ಟಾಮ್ ಸ್ಮಿತ್ 1930ರ ದಶಕದಲ್ಲಿ ಹೀಗೇ ಒಂದು ಆಡು ಕೊಟ್ಟಿದ್ದ, ಅದು ಆಡನ್ನು ಕಚ್ಚಿ ಎತ್ತಿ ಹೊರಗೆ ಬಿಸಾಡಿತ್ತು. ನಮ್ಮಲ್ಲಿ ಹಾಗಾಗಲಿಲ್ಲ. ನಮ್ಮದು ಆಳಂದದ ಆಡು. ಬಂದ ದಿನವೇ ರಾಜಾನ ಮೇವಿನಲ್ಲಿ ಪಾಲು ಹಾಕಿಸಿಕೊಂಡಿತು, ವಾರದಲ್ಲಿ ಜೀನಿನ ಪಟ್ಟಿ ತಿಂದಿತು, ಗೋಡೆಗೆ ಒಣಗಲು ಹಾಕಿದ ನನ್ನ ಪ್ಯಾಂಟಿನ ಒಂದು ಕಾಲನ್ನೂ ಬಿಡಲಿಲ್ಲ. 300 ವರ್ಷದ ವಂಶಾವಳಿಯವನು ವಂಶವೇ ಗೊತ್ತಿಲ್ಲದವಳ ಹಿಂದೆ ತಲೆ ತಗ್ಗಿಸಿ ನಡೆಯತೊಡಗಿದ. ನಾಲ್ಕು ಗಂಟೆಯ ಕೆನೆತ ನಿಂತಿತು.

ಮಳೆಗಾಲ ಕಳೆಯಿತು. ಚಾಚಾ ಮತ್ತೆ ಸ್ಟೂಲು ತರಿಸಿದರು. ಈ ಸಲ ನಾನು ಸ್ಟೂಲಿನ ಮೇಲೆ ನಿಲ್ಲಬೇಕು, ಅಷ್ಟೇ, ಹತ್ತುವಂತಿಲ್ಲ. ಕುದುರೆ ನಿಂತರೆ ಇಳಿದು ಕುತ್ತಿಗೆ ತಿಕ್ಕಬೇಕು, ಮನೆಗೆ ಹೋಗಬೇಕು. ಅದು ನಡೆದರೆ ಒಂದು ಸುತ್ತು ತಿರುಗಿಸಿ ಮತ್ತೆ ಅಲ್ಲೇ ತರಬೇಕು. ಸುಗ್ಗಿಗೆ ಹೋಗುವ ಹೆಣ್ಣುಮಕ್ಕಳು ಮುಂಜಾನೆ ಹೋಗುವಾಗಲೂ ನಾನು ಸ್ಟೂಲಿನ ಮೇಲೆ, ಸಂಜೆ ಬರುವಾಗಲೂ ಸ್ಟೂಲಿನ ಮೇಲೆ. “ಸಾಹೇಬ್ರು ಭಾಷಣ ಯಾವಾಗ ಚಾಲೂ ಮಾಡ್ತಾರ?” ಎಂದು ಒಬ್ಬಾಕೆ ಕೇಳಿದಳು.

ಕಡೆಗೊಮ್ಮೆ ಕೂಡಲು ಅಪ್ಪಣೆಯಾಯಿತು. ಈಗ ಎದ್ದದ್ದು ಬೇರೆ ತಂಟೆ. ನಾನು ಕೂತರೆ ಸಾಕು, ರಾಜಾನ ಕಿವಿ ಹಿಂದಕ್ಕೆ, ಬೆನ್ನು ಬಿಗಿ. ಚಾಚಾ ಕೂತರೆ ಎಮ್ಮೆಯಂತಾಗುತ್ತಿದ್ದ. “ನೀವು ಮ್ಯಾಗ ಕುಂತು ಉಸರ ಹಿಡೀತೀರಿ. ಅದಕ ಗೊತ್ತಾಗ್ತದ. ಇವ್ರೇ ಅಂಜ್ಯಾರಂದ್ರ ಎಲ್ಲೋ ಹುಲಿ ಅದ ಅನ್ಕೋತದ.” ಇದು ಚಾಚಾನ ಕಲ್ಪನೆಯಲ್ಲ. 1904ರ ಸುಮಾರಿಗೆ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಕೂಡಿಸು ಕಳೆಯುವ ಲೆಕ್ಕಕ್ಕೆಲ್ಲ ಗೊರಸು ಬಡಿದು ಉತ್ತರ ಹೇಳಿ ಪಂಡಿತರನ್ನೇ ಬೆರಗುಗೊಳಿಸಿತ್ತು. ಅದಕ್ಕೆ ಗಣಿತವೇನೂ ಬರುತ್ತಿರಲಿಲ್ಲ, ಪ್ರಶ್ನೆ ಕೇಳಿದವನ ತಲೆ ಕೂದಲೆಳೆಯಷ್ಟು ಅಲುಗಿದ್ದನ್ನು ಓದಿಕೊಂಡು ಬಡಿತ ನಿಲ್ಲಿಸುತ್ತಿತ್ತು ಎಂದು 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಎಂಬಾತ ಪತ್ತೆಮಾಡಿದ. ಹಣೆಯ ನೇರ ಮುಂದಿನ ತುಸು ಜಾಗ, ಬೆನ್ನ ಹಿಂದಿನ ತುಸು ಜಾಗ ಬಿಟ್ಟರೆ ಸುತ್ತಲಿನದೆಲ್ಲ ಕುದುರೆಗೆ ಕಾಣುತ್ತದೆ. ಕಾಣದ್ದು ಚರ್ಮಕ್ಕೆ ತಿಳಿಯುತ್ತದೆ. ನೊಣ ಕೂತರೆ ಅಲ್ಲಷ್ಟೇ ಚರ್ಮ ಅದುರಿಸುವ ಪ್ರಾಣಿಗೆ ಒಬ್ಬ ಹೆದರಿದ ಗುಮಾಸ್ತ ತಿಳಿಯುವುದಿಲ್ಲವೇ? ಅದಕ್ಕೆ ಚಾಚಾ ಉಪಾಯ ಹೇಳಿದರು: ಹಾಡ್ರಿ, ಹಾಡುವವನಿಗೆ ಉಸಿರು ಹಿಡಿಯಲು ಬರುವುದಿಲ್ಲ. ನನಗೆ ಬಾಯಿಪಾಠ ಬರುವುದು ಸೇವಾ ನಿಯಮಗಳು ಮಾತ್ರ. ಗಳಿಕೆ ರಜೆ, ಅರ್ಧವೇತನ ರಜೆ, ಪರಿವರ್ತಿತ ರಜೆ ಎಂದು ರಾಗವಾಗಿ ಹೇಳುತ್ತ ಲಗಾಮು ಸಡಿಲ ಬಿಟ್ಟು ಸುತ್ತು ಹಾಕಿದೆ. ರಾಜಾ ಕುತ್ತಿಗೆ ಇಳಿಬಿಟ್ಟು, ಮೂಗು ಸೀನಿ, ಹೆಜ್ಜೆ ಹಾಕಿದ. ಆ ನಿಯಮಗಳು ಕೇಳಿ ನಿದ್ದೆ ಬಾರದ ಜೀವವನ್ನು ನಾನಿನ್ನೂ ಕಂಡಿಲ್ಲ.

ಅಲ್ಲಿಂದ ಧೈರ್ಯ ಬಂತು. ಒಂದು ಗುರುವಾರ ಅಮರ್ಜಾ ದಂಡೆ ಹಿಡಿದು ಗಾಣಗಾಪುರಕ್ಕೇ ಹೋದೆ. ದತ್ತನ ದರ್ಶನದ ನೆಪ, ಜನ ನೋಡಲಿ ಎಂಬುದು ಒಳಗಿನದು. ಅಲ್ಲಿ ಮಧ್ಯಾಹ್ನ ಮಧುಕರಿಯ ಹೊತ್ತು, ಯಾತ್ರಿಕರು ಸಾಲಿನಲ್ಲಿ ನಿಂತು ಭಿಕ್ಷೆ ಬೇಡುತ್ತಾರೆ, ಕೋಟ್ಯಧೀಶನಾದರೂ ಬೇಡಬೇಕು. ರಾಜಾ ಸಾಲಿನ ಕೊನೆಗೆ ಹೋಗಿ ನಿಂತ. ಮುಂದಿನವರು ಸರಿದಂತೆ ಒಂದೊಂದು ಹೆಜ್ಜೆ ಸರಿದ. ಹಿಂದಿನವರು ನೂಕಲಿಲ್ಲ, ಕುದುರೆಯ ಹಿಂದೆ ಯಾರು ನೂಕುತ್ತಾರೆ? ಪಾಳಿ ಬಂದಾಗ ರೊಟ್ಟಿ ಇಸಿದುಕೊಂಡು ತಿಂದ. ಮಲಕಪೇಟೆಯ ಓಟಗಾರ ಸರತಿಯಲ್ಲಿ ನಿಂತದ್ದನ್ನು ನೋಡಿ ನನ್ನ ಕಣ್ಣು ತೇವವಾದವು. ನಮ್ಮ ಕಚೇರಿಗೆ ಬರುವ ಜನ ಹೀಗೆ ನಿಂತದ್ದುಂಟೇ?

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಜೇವರ್ಗಿಯಲ್ಲಿ ಇವತ್ತಿಗೂ ಅಳಿಯದೇವರೇ. ಆದರೆ ಭಾವಮೈದುನನ ಮಗನ ಮದುವೆ ಬಂತು. ವರನ ಮೆರವಣಿಗೆಗೆ ಬಾಡಿಗೆ ಕುದುರೆ ಯಾಕೆ, ಮಾವನ ಕುದುರೆಯೇ ಇದೆಯಲ್ಲ ಎಂದು ನಾನೇ ಮುಂದಾಗಿ ಹೇಳಿದೆ. “ಬ್ಯಾಡ್ರಿ,” ಎಂದರು ಚಾಚಾ. “ಬ್ಯಾಡ್ರಿ,” ಎಂದಳು ಮನೆಯಾಕೆ. ಇಬ್ಬರೂ ಒಂದೇ ಮಾತು ಹೇಳಿದ್ದರಿಂದ ಅದು ಸಂಚೆಂದು ನನಗೆ ಖಾತ್ರಿಯಾಯಿತು. ಲಾರಿಯಲ್ಲಿ ಆಡನ್ನೂ ಹತ್ತಿಸಿಕೊಂಡು, ಕಟ್ಟಿಸಂಗಾವಿ ಸೇತುವೆಯ ಮೇಲೆ ಭೀಮೆಗೆ ಕೈಮುಗಿದು, ಜೇವರ್ಗಿಗೆ ಹೋದೆವು.

ಮೆರವಣಿಗೆಯೆಂದರೆ ಏನೇನಿತ್ತು! ಹಲಗಿ, ಬ್ಯಾಂಡು, ಎದೆ ನಡುಗಿಸುವ ಡಿಜೆ, ಸರಪಟಾಕಿ, ಕುದುರೆಯ ಹೊಟ್ಟೆಯ ಕೆಳಗೇ ನುಸುಳಿ ಕುಣಿಯುವ ಹುಡುಗರು. ರಾಜಾ ಅಲುಗಲಿಲ್ಲ. ಸಾವಿರಾರು ಜನ ದುಡ್ಡು ಕಟ್ಟಿ ಕಿರುಚುವುದನ್ನು ಕೇಳಿ ಬೆಳೆದವನಿಗೆ ಜೇವರ್ಗಿಯ ಬೀಗರ ಗದ್ದಲ ಯಾವ ಲೆಕ್ಕ? ತಲೆಗೆ ಗೊಂಡೆ, ಕೊರಳಿಗೆ ಗೆಜ್ಜೆ, ಕಣ್ಣು ಅರ್ಧ ಮುಚ್ಚಿ ನಿಂತೇ ತೂಕಡಿಸುತ್ತಿದ್ದ. ವರ ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರಿನವನು, ಜೀವಮಾನದಲ್ಲಿ ಕುದುರೆ ಮುಟ್ಟಿದವನಲ್ಲ. ನಾನು ಹಗ್ಗ ಹಿಡಿದು ಮುಂದೆ, ಬಂದವರಿಗೆಲ್ಲ ಕುದುರೆಯ ಮನೋವಿಜ್ಞಾನ ವಿವರಿಸುತ್ತ. ಕ್ಸೆನೊಫೋನ್ ಎಂಬ ಗ್ರೀಕನು 2300 ವರ್ಷದ ಹಿಂದೆಯೇ ಕುದುರೆಯನ್ನು ಹೊಡೆದು ಬಡಿದು ಪಳಗಿಸಬಾರದು ಎಂದು ಬರೆದಿದ್ದಾನೆ ಎಂಬಲ್ಲಿಗೆ ಬಂದಿದ್ದೆ.

ಹಿಂದೆ ಜನರೇಟರ್ ಹೊತ್ತ ಟಂಟಂ ಬರುತ್ತಿತ್ತು. ಡೀಸೆಲ್ ಹಾಕಲೆಂದು ಯಾರೋ ಅದರ ಹಿಂಬಾಗಿಲಿನ ಕೊಂಡಿ ಬಿಚ್ಚಿದರು. ತಗಡಿನ ಬಾಗಿಲು ಧಡಾರ್ ಎಂದು ಬಿತ್ತು.

ರೇಸು ಶುರುವಾಗುವುದು ಹೇಗೆಂದು ಗೊತ್ತಲ್ಲ? ಕುದುರೆಗಳನ್ನು ಕಬ್ಬಿಣದ ಗೂಡುಗಳಲ್ಲಿ ನಿಲ್ಲಿಸುತ್ತಾರೆ, ಬಾಗಿಲು ಧಡಾರೆಂದು ತೆರೆಯುತ್ತದೆ.

ಹಗ್ಗ ನನ್ನ ಅಂಗೈಯ ಚರ್ಮದೊಂದಿಗೆ ಹೋಯಿತು. ಬ್ಯಾಂಡಿನವರು ಎರಡು ಪಾಲಾದರು. ಗೆಜ್ಜೆಯ ಸದ್ದು ಬಸ್‌ಸ್ಟ್ಯಾಂಡ್ ಕಡೆ ಮಾಯವಾಯಿತು, ಅದರ ಹಿಂದೆ ಆಡು, ಆಡಿನ ಹಿಂದೆ ಬೀಗರು, ಬೀಗರ ಹಿಂದೆ ನಾನು. ಹುಡುಗನ ಅವ್ವ ಎದೆ ಬಡಿದುಕೊಳ್ಳುತ್ತಿದ್ದಳು. ನನ್ನ ಹೆಂಡತಿ ನನ್ನ ಕಡೆ ನೋಡಲೂ ಇಲ್ಲ.

ಕಲ್ಯಾಣ ಮಂಟಪದ ಗೇಟಿಗೆ ನಾವು ಮುಟ್ಟಿದಾಗ ರಾಜಾ ಶಾಂತನಾಗಿ ನಿಂತು ತೋರಣದ ಮಾವಿನೆಲೆ ತಿನ್ನುತ್ತಿದ್ದ. ವರ ಮೇಲೆಯೇ ಇದ್ದ, ಬಾಸಿಂಗ ಕಿವಿಗೆ ಬಂದಿತ್ತು, ಉಳಿದಂತೆ ಕ್ಷೇಮ. ಹೇಗೆ ನಿಲ್ಲಿಸಿದೆಯಪ್ಪಾ ಎಂದರೆ, “ನಾ ಏನೂ ಮಾಡ್ಲಿಲ್ಲ ಮಾಮಾ. ಅಂಜಿ ಲಗಾಮ ಕೈಬಿಟ್ಟು ಕೂದ್ಲಾ ಹಿಡ್ಕೊಂಡೆ. ಒಂದೀಟು ಓಡ್ತು, ಆಮ್ಯಾಲ ತಾನೇ ನಡೀಲಾಕ ಶುರು ಮಾಡ್ತು,” ಎಂದ. ಚಾಚಾ ನನ್ನ ಮುಖ ನೋಡಿದರು. ನಾನು ತೋರಣ ನೋಡಿದೆ. ಮುಹೂರ್ತಕ್ಕೆ ಇನ್ನೂ ಮುಕ್ಕಾಲು ಗಂಟೆಯಿತ್ತು. ನಮ್ಮ ಮಾವನವರ ಮನೆತನದಲ್ಲಿ ವರನೊಬ್ಬ ಮುಹೂರ್ತಕ್ಕೆ ಮುಂಚೆ ಮಂಟಪ ಮುಟ್ಟಿದ್ದು ಇದೇ ಮೊದಲೆಂದು ಪುರೋಹಿತರು ಎಲ್ಲರೆದುರು ಹೇಳಿದರು. ಆ ಒಂದು ಮಾತಿನಿಂದ ನನಗೆ ಊಟ ಸಿಕ್ಕಿತು.

ಅಂದಿನಿಂದ ಜೇವರ್ಗಿಯಲ್ಲಿ ನನ್ನನ್ನು ಕುದರಿ ಮಾಮಾ ಎನ್ನುತ್ತಾರೆ. ಅಫಜಲಪುರದ ಕಚೇರಿಯಲ್ಲಿ ನಾಳೆ ಬಾ ಎಂದರೆ ಜನ “ಲಗಾಮ ಸಡ್ಲ ಬಿಡ್ರಿ ಸಾಹೇಬ್ರ” ಎಂದು ನಗುತ್ತಾರೆ. ಆಳಂದದವರ ಬಗ್ಗೆ ಮಾತ್ರ ನನ್ನ ತೀರ್ಪು ಬದಲಾಗಿದೆ: 20 ಸಾವಿರ ಕುದುರೆ ಸೇರಿಸಿ ಹತ್ತೇ ದಿನದಲ್ಲಿ ಅಷ್ಟನ್ನೂ ಪರಊರಿನವರ ಕೊರಳಿಗೆ ಕಟ್ಟಿ ಕಳಿಸುತ್ತಿದ್ದ ನಮ್ಮ ಹಿರಿಯರು ಬಹಳ ಜಾಣರು.

ರಾಜಾ ಈಗ ಹತ್ತುವಾಗ ನಿಲ್ಲುತ್ತಾನೆ, ಸಡಿಲ ಲಗಾಮಿನಲ್ಲಿ ನಡೆಯುತ್ತಾನೆ, ಟ್ರ್ಯಾಕ್ಟರಿಗೂ ನಾಯಿಗೂ ಹೆದರುವುದಿಲ್ಲ. ತಗಡಿನ ಬಾಗಿಲಿನ ಸದ್ದೊಂದು ಉಳಿದಿದೆ. ಅದಕ್ಕೂ ಚಾಚಾ ಮದ್ದು ಹಿಡಿದಿದ್ದಾರೆ. ದಿನಾ ಸಂಜೆ ದೂರದಲ್ಲಿ ಡಬ್ಬಿ ಬಡಿದು, ಹತ್ತಿರದಲ್ಲಿ ಹುಲ್ಲು ಕೊಡುತ್ತಾರೆ. ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ಉತ್ತರ ನಿಮಗೂ ಗೊತ್ತಿದೆ. ಅಲ್ಲಿಯತನಕ, ಆಳಂದ ಅಫಜಲಪುರದ ನಡುವೆ ಕಂದು ಕುದುರೆಯ ಮೇಲೆ ರಜೆಯ ನಿಯಮ ಹಾಡುತ್ತ ಬರುವ ದಪ್ಪ ಮನುಷ್ಯ ಕಂಡರೆ, ದಯವಿಟ್ಟು ನಿಮ್ಮ ಗಾಡಿಯ ಬಾಗಿಲನ್ನು ಮೆಲ್ಲಗೆ ಹಾಕಿ.